ಕಿರ್ದಿ ಪುಸ್ತಕದಿಂದ ಹಾನಾವರೆಗೆ



ನಮ್ಮ ಯುಗಾದಿ ಊಟದ ಪಂಕ್ತಿಯಲ್ಲಿ ಕೂತವರನ್ನು ವಿಚಾರಿಸಿದರೆ ಎಲೆಗೊಬ್ಬರಂತೆ ಸಾಫ್ಟ್‌ವೇರ್‌ನವರು ಸಿಗುತ್ತಾರೆ. ವಾಲ್‌ಡಾರ್ಫ್, ಹೈಡೆಲ್‌ಬರ್ಗ್, ಮನ್‌ಹೈಮ್ ಸುತ್ತಮುತ್ತ ಇರುವ ನಮಗೆ ಇದೇನೂ ಹೊಸದಲ್ಲ. ಆದರೆ ಬೇಸಿಗೆಯಲ್ಲಿ ಊರಿಂದ ಬಂದ ಅಪ್ಪ ಅಮ್ಮ "ನೀನು ಆಫೀಸಿನಲ್ಲಿ ಮಾಡೋದಾದರೂ ಏನಪ್ಪಾ?" ಎಂದು ಕೇಳಿದರೆ ನಮ್ಮಲ್ಲಿ ಬಹಳ ಜನ ತಡವರಿಸುತ್ತೇವೆ. "ಡೇಟಾ ಅನಾಲಿಟಿಕ್ಸ್" ಎಂದರೆ ಅವರಿಗೆ ಏನೂ ಹೇಳಿದಂತಾಗುವುದಿಲ್ಲ. ನಿಜ ಹೇಳಬೇಕೆಂದರೆ, ಪಕ್ಕದಲ್ಲೇ ಕೂತ ಮನೆಯವರಿಗೂ ಅದು ಪೂರ್ತಿ ಗೊತ್ತಿರುವುದಿಲ್ಲ!

ನಾನು ಇಲ್ಲಿನ ಒಂದು ಮಧ್ಯಮ ಗಾತ್ರದ ಯಂತ್ರಭಾಗಗಳ ಕಾರ್ಖಾನೆಯಲ್ಲಿ ಲೆಕ್ಕ ವಿಶ್ಲೇಷಣೆಯ ವಿಭಾಗದಲ್ಲಿದ್ದೇನೆ. ಯಾವ ಉತ್ಪನ್ನದಲ್ಲಿ ಎಷ್ಟು ಉಳಿಯಿತು, ಯಾವುದರಲ್ಲಿ ಕೈ ಸುಟ್ಟಿತು ಎಂದು ಲೆಕ್ಕ ಹಾಕಿ ಹೇಳುವುದು ನನ್ನ ಕೆಲಸ. ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಈ ಕೆಲಸ ಅಡಿಮೇಲಾಗಿದೆ. ರಾತ್ರಿಯಿಡೀ ಓಡುತ್ತಿದ್ದ ಲೆಕ್ಕ ಈಗ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಅದು ಹೇಗೆ ಸಾಧ್ಯವಾಯಿತು, ಅದರಿಂದ ನಿಜಕ್ಕೂ ಆದ ಲಾಭವೇನು, ನಮ್ಮಂಥವರ ಹೊಟ್ಟೆಪಾಡಿಗೆ ಅದರಿಂದ ಏನಾದೀತು ಎಂಬುದನ್ನು ಸಾಫ್ಟ್‌ವೇರ್ ಗೊತ್ತಿಲ್ಲದವರಿಗೂ ತಿಳಿಯುವಂತೆ ಬರೆಯುವ ಪ್ರಯತ್ನ ಇದು.

ಹೆಸರಿನಲ್ಲೇ "ತಕ್ಷಣ"

1972ರಲ್ಲಿ ಐಬಿಎಂ ಬಿಟ್ಟು ಬಂದ ಐವರು ಜರ್ಮನ್ ಎಂಜಿನಿಯರುಗಳು ವೈನ್‌ಹೈಮ್‌ನಲ್ಲಿ ಎಸ್‌ಎಪಿ ಕಂಪನಿಯನ್ನು ಶುರು ಮಾಡಿದರು. ಹಾಸೋ ಪ್ಲಾಟ್ನರ್ ಮತ್ತು ಡೀಟ್ಮಾರ್ ಹಾಪ್ ಅವರಲ್ಲಿ ಇಬ್ಬರು. ಮೊದಲ ಗಿರಾಕಿ ನಮ್ಮ ಹತ್ತಿರದ ಓಸ್ಟ್ರಿಂಗನ್‌ನಲ್ಲಿದ್ದ ಐಸಿಐ ಕಂಪನಿಯ ನೈಲಾನ್ ಕಾರ್ಖಾನೆ. ಆಗ ಲೆಕ್ಕಗಳನ್ನು ರಂಧ್ರ ಕೊರೆದ ಕಾರ್ಡುಗಳಲ್ಲಿ ಕೂಡಿಟ್ಟು ರಾತ್ರಿ ಒಟ್ಟಿಗೆ ಓಡಿಸುವ ಪದ್ಧತಿ ಇತ್ತು. ಈ ಐವರ ಹೊಸತನ ಎಂದರೆ ಪರದೆಯ ಮುಂದೆ ಕೂತು ಆಗಿಂದಾಗಲೇ ಲೆಕ್ಕ ದಾಖಲಿಸುವುದು. ಆರ್/2, 1992ರ ಆರ್/3 ಎಂಬ ಹೆಸರುಗಳಲ್ಲಿರುವ "ಆರ್" ಅಕ್ಷರ "ರಿಯಲ್ ಟೈಮ್" ಎಂಬುದರ ಗುರುತು.

ಆದರೆ ತಮಾಷೆ ನೋಡಿ. ದಾಖಲಿಸುವುದು ತಕ್ಷಣವಾಯಿತು, ಕೇಳಿದ ಪ್ರಶ್ನೆಗೆ ಉತ್ತರ ಸಿಗುವುದು ಮಾತ್ರ ತಕ್ಷಣವಾಗಲಿಲ್ಲ. "ಈ ವರ್ಷ ಯಾವ ಗಿರಾಕಿ, ಯಾವ ಉತ್ಪನ್ನ, ಎಷ್ಟು ಲಾಭ" ಎಂಬ ದೊಡ್ಡ ಪ್ರಶ್ನೆಯನ್ನು ಅದೇ ಯಂತ್ರಕ್ಕೆ ಹಾಕಿದರೆ, ಅತ್ತ ಆರ್ಡರ್ ಬರೆದುಕೊಳ್ಳುತ್ತಿದ್ದವರ ಪರದೆ ಸ್ತಬ್ಧವಾಗುತ್ತಿತ್ತು. ಅದಕ್ಕೊಂದು ಉಪಾಯ ಬಂತು. ಎಲ್ಲರೂ ಮಲಗಿದ ಮೇಲೆ ದಿನದ ದಾಖಲೆಗಳನ್ನು ಇನ್ನೊಂದು ಯಂತ್ರಕ್ಕೆ ಸಾಗಿಸಿ, ಮೊದಲೇ ಕೂಡಿ ಕಳೆದು ಮೊತ್ತಗಳನ್ನು ಸಿದ್ಧ ಮಾಡಿಡುವುದು. ಇದಕ್ಕೆ ಡೇಟಾ ವೇರ್‌ಹೌಸ್ ಎಂದು ಹೆಸರು, ಅಂದರೆ ದತ್ತಾಂಶದ ಉಗ್ರಾಣ.

ಈ ರಾತ್ರಿ ಪಾಳಿಯ ಸಾಗಾಟ ನಮ್ಮ ಜನಕ್ಕೆ ಚೆನ್ನಾಗಿ ಗೊತ್ತು. ಇಲ್ಲಿ ರಾತ್ರಿ 2 ಗಂಟೆಗೆ ಲೋಡ್ ನಿಂತರೆ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಬೆಳಗಿನ 5:30. ಅಲ್ಲಿ ಯಾರೋ ಒಬ್ಬ ತಂಗಿ ಅಥವಾ ತಮ್ಮ ಕಾಫಿ ಕುಡಿಯುವ ಮೊದಲೇ ಎದ್ದು ಕೂತು ಅದನ್ನು ಸರಿಪಡಿಸಬೇಕು. ನಮ್ಮಲ್ಲಿ ಎಷ್ಟೋ ಮಂದಿಯ ಸಂಸಾರ ನಡೆದದ್ದು ಇದೇ ಸಂಬಳದಲ್ಲಿ.

ಕಿರ್ದಿ ಮತ್ತು ಖತಾವಣಿ

ಇದರ ಒಳಮರ್ಮ ತಿಳಿಯಲು ಕಂಪ್ಯೂಟರ್ ಬೇಡ, ನಮ್ಮ ಊರಿನ ಮಂಡಿ ಸಾಕು. ಶಿವಮೊಗ್ಗ ಕಡೆಯ ಅಡಿಕೆ ಮಂಡಿಗಳಲ್ಲಿ ಗುಮಾಸ್ತರು ಎರಡು ಪುಸ್ತಕ ಇಟ್ಟುಕೊಂಡಿರುತ್ತಿದ್ದರು. ಒಂದು ಕಿರ್ದಿ. ದಿನದ ವ್ಯವಹಾರವೆಲ್ಲ ಬಂದ ಕ್ರಮದಲ್ಲಿ, ಸಾಲಿನ ಮೇಲೆ ಸಾಲು: ತಾರೀಕು, ಹೆಸರು, ಊರು, ಮಾಲು, ತೂಕ, ದರ, ಮೊತ್ತ. ಇನ್ನೊಂದು ಖತಾವಣಿ. ಕಿರ್ದಿಯಿಂದ ಎತ್ತಿ ಒಬ್ಬೊಬ್ಬರ ಹೆಸರಿನಡಿ ಬರೆದಿಟ್ಟ ಲೆಕ್ಕ. "ನನ್ನ ಬಾಕಿ ಎಷ್ಟು?" ಎಂದು ರೈತ ಕೇಳಿದರೆ ಖತಾವಣಿಯಲ್ಲಿ ಅವನ ಪುಟ ತೆರೆದರೆ ಉತ್ತರ ಸಿದ್ಧ.

ಆದರೆ ಅದೇ ರೈತ "ಹೋದ ಸಲ ಮಳೆಗಾಲದಲ್ಲಿ ಸಾಗರದಿಂದ ಬಂದ ಮಾಲಿಗೆ ಸರಾಸರಿ ಎಷ್ಟು ದರ ಬಿತ್ತು?" ಎಂದು ಕೇಳಿದರೆ? ಖತಾವಣಿಯಲ್ಲಿ ಅದಕ್ಕೆ ಪುಟವಿಲ್ಲ. ಕಿರ್ದಿಯನ್ನು ಮೊದಲಿನಿಂದ ತಿರುವಬೇಕು. ಪ್ರತಿ ಸಾಲಿನಲ್ಲೂ ಬೇಡದ ಹೆಸರು, ಬೇಡದ ಮೊತ್ತ ಎಲ್ಲ ಕಣ್ಣಿಗೆ ಬೀಳುತ್ತವೆ, ನಮಗೆ ಬೇಕಾದದ್ದು ತಾರೀಕು, ಊರು, ತೂಕ, ದರ ಮಾತ್ರ.

ಹಳೆಯ ಡೇಟಾಬೇಸ್‌ಗಳು ಕಿರ್ದಿಯಂತೆ ಸಾಲು ಸಾಲಾಗಿ ಬರೆದಿಡುತ್ತಿದ್ದವು. ಉಗ್ರಾಣ ಎಂದರೆ ಖತಾವಣಿ. ಮೊದಲೇ ಊಹಿಸಿದ ಪ್ರಶ್ನೆಗೆ ಉತ್ತರ ಬೇಗ, ಊಹಿಸದ ಪ್ರಶ್ನೆಗೆ "ಎರಡು ವಾರ ಕೊಡಿ ಸಾರ್."

ಕಂಬಸಾಲು ಮತ್ತು ನೆನಪು

ಹೊಸ ವಿಧಾನದಲ್ಲಿ ಕಿರ್ದಿಯ ಪ್ರತಿಯೊಂದು ಕಂಬಸಾಲನ್ನೂ ಬೇರೆ ಬೇರೆ ಪುಸ್ತಕವಾಗಿ ಕಟ್ಟುತ್ತಾರೆ. ಊರುಗಳ ಪುಸ್ತಕ ಒಂದು, ದರಗಳ ಪುಸ್ತಕ ಇನ್ನೊಂದು. ಬೇಕಾದ ಪುಸ್ತಕಗಳನ್ನಷ್ಟೇ ತೆರೆದರಾಯಿತು. ಜೊತೆಗೆ ಊರುಗಳ ಪುಸ್ತಕದಲ್ಲಿ ಅದೇ ಹೆಸರು ಸಾವಿರಾರು ಸಲ ಬರುವುದರಿಂದ ಪ್ರತಿ ಊರಿಗೂ ಒಂದು ಸಂಖ್ಯೆ ಕೊಟ್ಟು ಸಂಖ್ಯೆಯನ್ನೇ ಬರೆಯುತ್ತಾರೆ. ಪುಸ್ತಕ ತೆಳ್ಳಗಾಗುತ್ತದೆ.

ಒಂದು ಸಣ್ಣ ಲೆಕ್ಕ ಮಾಡೋಣ. 10 ಕೋಟಿ ಸಾಲುಗಳಿವೆ, ಸಾಲೊಂದಕ್ಕೆ 500 ಬೈಟ್ ಎಂದಿಟ್ಟುಕೊಳ್ಳಿ. ಒಟ್ಟು 50 ಗಿಗಾಬೈಟ್. ಸೆಕೆಂಡಿಗೆ 100 ಮೆಗಾಬೈಟ್ ಓದುವ ಡಿಸ್ಕ್ ಇದನ್ನು ಓದಿ ಮುಗಿಸಲು 500 ಸೆಕೆಂಡು, ಅಂದರೆ 8 ನಿಮಿಷಕ್ಕೂ ಹೆಚ್ಚು ಬೇಕು. ಮೊತ್ತದ ಕಂಬಸಾಲು ಒಂದೇ ಸಾಕೆಂದರೆ, ಸಾಲಿಗೆ 8 ಬೈಟಿನಂತೆ 800 ಮೆಗಾಬೈಟ್. ಅದನ್ನು ಡಿಸ್ಕಿನ ಬದಲು ಯಂತ್ರದ ಮೆಮರಿಯಲ್ಲೇ ಇಟ್ಟು, ಸೆಕೆಂಡಿಗೆ 10 ಗಿಗಾಬೈಟ್ ವೇಗದಲ್ಲಿ ಓದಿದರೆ ಒಂದು ಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಡ. 8 ನಿಮಿಷ ಎಲ್ಲಿ, ಇದು ಎಲ್ಲಿ!

ಮೆಮರಿ ಮತ್ತು ತಿರುಗುವ ಡಿಸ್ಕಿನ ಅಂತರವನ್ನು ಹೀಗೆ ಹೇಳಬಹುದು. ಮೆಮರಿಯಿಂದ ಒಂದು ತುಣುಕು ತರಲು ಸುಮಾರು 100 ನ್ಯಾನೊಸೆಕೆಂಡು. ಡಿಸ್ಕಿನಲ್ಲಿ ಹುಡುಕಿ ತರಲು ಸುಮಾರು 10 ಮಿಲಿಸೆಕೆಂಡು, ಅಂದರೆ ಲಕ್ಷ ಪಟ್ಟು. ಅಡುಗೆಮನೆಯ ಡಬ್ಬಿಯಿಂದ ಸಾಸಿವೆ ತೆಗೆಯಲು ಒಂದು ಸೆಕೆಂಡು ಎಂದರೆ, ಡಿಸ್ಕಿಗೆ ಹೋಗುವುದು 27 ಗಂಟೆಗೂ ಮೀರಿದ ಕೆಲಸ. ಫ್ರಾಂಕ್‌ಫರ್ಟ್‌ಗೆ ಹೋಗಿ, ಬೆಂಗಳೂರಿಗೆ ವಿಮಾನ ಹತ್ತಿ, ಅಲ್ಲಿಂದ ಬಸ್ಸಿನಲ್ಲಿ ಊರು ಸೇರಿ ಸಾಸಿವೆ ಕೊಂಡಂತೆ!

ಕಂಬಸಾಲಿನ ಈ ಯೋಚನೆ ಒಬ್ಬರದಲ್ಲ. ಆಂಸ್ಟರ್‌ಡಾಂನ ಸಿಡಬ್ಲ್ಯೂಐ ಸಂಶೋಧನಾಲಯದ ಮೊನೆಟ್‌ಡಿಬಿ 1990ರ ದಶಕದ್ದು. ಮೈಕೆಲ್ ಸ್ಟೋನ್‌ಬ್ರೇಕರ್ ಮತ್ತು ಸಂಗಡಿಗರು ಸಿ-ಸ್ಟೋರ್ ಬಗ್ಗೆ 2005ರಲ್ಲಿ ಪ್ರಬಂಧ ಪ್ರಕಟಿಸಿದರು. ಬರೆಯುವ ಕೆಲಸಕ್ಕೂ ವಿಶ್ಲೇಷಿಸುವ ಕೆಲಸಕ್ಕೂ ಒಂದೇ ಡೇಟಾಬೇಸ್ ಸಾಕು ಎಂದು ಹಾಸೋ ಪ್ಲಾಟ್ನರ್ 2009ರಲ್ಲಿ ವಾದಿಸಿದರು. 2010ರಲ್ಲಿ ಪ್ರಕಟವಾದ ಹಾನಾ ಅದರ ಫಲ. ಆ ದಿನಗಳಲ್ಲಿ ಎಸ್‌ಎಪಿಯ ತಂತ್ರಜ್ಞಾನದ ಮುಖ್ಯಸ್ಥರಾಗಿದ್ದ ವಿಶಾಲ್ ಸಿಕ್ಕಾ 2014ರಿಂದ 2017ರವರೆಗೆ ನಮ್ಮ ಇನ್ಫೋಸಿಸ್ ನಡೆಸಿದರು ಎಂಬುದು ನಿಮಗೆ ನೆನಪಿರಬಹುದು. 2015ರಲ್ಲಿ ಬಂದ ಎಸ್/4 ಹಾನಾದಲ್ಲಿ ಮೊದಲೇ ಕೂಡಿಟ್ಟ ಮೊತ್ತದ ಕೋಷ್ಟಕಗಳನ್ನು ತೆಗೆದುಹಾಕಿ, ಕೇಳಿದಾಗಲೇ ಕೂಡುವ ಪದ್ಧತಿ ಬಂತು. ಖತಾವಣಿ ಬೇಡ, ಕಿರ್ದಿಯೊಂದೇ ಸಾಕು ಎಂದಂತೆ.

"ಎಲ್ಲ ಮೆಮರಿಯಲ್ಲಿಟ್ಟರೆ ಕರೆಂಟ್ ಹೋದಾಗ ಗತಿ ಏನು?" ಲೋಡ್ ಶೆಡ್ಡಿಂಗ್ ನೋಡಿ ಬೆಳೆದ ನಮ್ಮ ಜನ ಮೊದಲು ಕೇಳುವ ಪ್ರಶ್ನೆ ಇದು. ಪ್ರತಿಯೊಂದು ಬದಲಾವಣೆಯನ್ನೂ ಡಿಸ್ಕಿನ ಲಾಗ್‌ನಲ್ಲಿ ಬರೆದ ಮೇಲೆಯೇ "ಆಯಿತು" ಎನ್ನುತ್ತದೆ. ಜೊತೆಗೆ ಮೆಮರಿಯಲ್ಲಿ ಆದ ಬದಲಾವಣೆಗಳನ್ನು ಕೆಲವು ನಿಮಿಷಗಳಿಗೊಮ್ಮೆ ಡಿಸ್ಕಿಗೆ ಇಳಿಸುತ್ತದೆ. ಕರೆಂಟ್ ಬಂದ ಮೇಲೆ ಎರಡನ್ನೂ ಸೇರಿಸಿ ಮತ್ತೆ ಎದ್ದು ನಿಲ್ಲುತ್ತದೆ.

ಎರಡನೇ ಪ್ರಶ್ನೆ

ಇಷ್ಟೆಲ್ಲ ಮಾಡಿ ಸಿಕ್ಕಿದ್ದೇನು? ವರದಿ ಬೆಳಗ್ಗೆ ಎಂಟರ ಬದಲು ಹಿಂದಿನ ಸಂಜೆಯೇ ಬಂದರೆ ಅಂಥ ಉಪಯೋಗವೇನಿಲ್ಲ, ಓದುವವರು ಮರುದಿನವೇ ಓದುತ್ತಾರೆ. ನಿಜವಾದ ಲಾಭ ಬೇರೆಯೇ ಇದೆ. ಅದಕ್ಕೆ ನಮ್ಮ ಕಾರ್ಖಾನೆಯಲ್ಲೇ ಕಂಡ ಒಂದು ಪ್ರಸಂಗ ಹೇಳುತ್ತೇನೆ.

2021ರ ಚಿಪ್ ಕೊರತೆ ನೆನಪಿದೆಯಲ್ಲ? ಹಡಗಿನಲ್ಲಿ ಬರಬೇಕಾದ ಬಿಡಿಭಾಗಗಳನ್ನು ನಾವು ವಿಮಾನದಲ್ಲಿ ತರಿಸಬೇಕಾಯಿತು. ಮರುವರ್ಷದ ಆರಂಭದಲ್ಲಿ ಸಭೆ ಸೇರಿತು. ಮೂರು ಉತ್ಪಾದನಾ ಸಾಲುಗಳಲ್ಲಿ ಒಂದು ಜೋರಾಗಿ ನಷ್ಟ ತೋರಿಸುತ್ತಿತ್ತು. ಅದರ ರಾತ್ರಿ ಪಾಳಿಯನ್ನು ನಿಲ್ಲಿಸುವ ಪ್ರಸ್ತಾಪ ಮೇಜಿನ ಮೇಲಿತ್ತು. ರಾತ್ರಿ ಪಾಳಿ ಎಂದರೆ ಬರೀ ಅಂಕಿಯಲ್ಲ. ಆ ಹೆಚ್ಚುವರಿ ಭತ್ಯೆಯನ್ನು ನಂಬಿ ಮನೆ ಸಾಲ ತೆಗೆದವರು ಅಲ್ಲಿದ್ದರು. ಕ್ಯಾಂಟೀನಿನಲ್ಲಿ ದಿನಾ ನಮ್ಮ ಜೊತೆ ಊಟ ಮಾಡುವ ಜನ.

ಜರ್ಮನಿಯ ಪದ್ಧತಿಯಂತೆ ಕಾರ್ಮಿಕ ಮಂಡಳಿಯ ಪ್ರತಿನಿಧಿಯೂ ಸಭೆಯಲ್ಲಿದ್ದರು. ಯಂತ್ರದ ಮುಂದೆ ಬಹಳ ವರ್ಷ ನಿಂತ ಹಿರಿಯರು. ಪರದೆಯ ಮೇಲಿನ ಕೆಂಪು ಗೆರೆಯನ್ನು ನೋಡಿ ಒಂದೇ ಮಾತು ಕೇಳಿದರು: "ಇದರಲ್ಲಿ ವಿಮಾನದ ಬಾಡಿಗೆ ಯಾರ ತಲೆಗೆ ಬಿದ್ದಿದೆ?"

ಹಳೆಯ ಪದ್ಧತಿಯಲ್ಲಾಗಿದ್ದರೆ ಈ ಪ್ರಶ್ನೆ ಅಲ್ಲಿಗೇ ಸಾಯುತ್ತಿತ್ತು. ಉಗ್ರಾಣದಲ್ಲಿ ತಿಂಗಳು ಮತ್ತು ವಿಭಾಗವಾರು ಮೊತ್ತ ಮಾತ್ರ ಇರುತ್ತಿತ್ತು, ಬಿಲ್ಲುಗಳ ವಿವರ ಇರುತ್ತಿರಲಿಲ್ಲ. ಐಟಿಯವರಿಗೆ ಮನವಿ ಬರೆದು, ಅವರು ಹೊಸ ಲೋಡ್ ಕಟ್ಟಿ, ಪರೀಕ್ಷಿಸಿ, ರಾತ್ರಿ ಓಡಿಸಿ, ಉತ್ತರ ಬರುವಷ್ಟರಲ್ಲಿ ಎರಡು ಮೂರು ವಾರ. ನಿರ್ಧಾರ ಅಷ್ಟು ದಿನ ಕಾಯುವುದಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಈ ಸಲ ಹಾಗಾಗಲಿಲ್ಲ. ಕೂತ ಜಾಗದಲ್ಲೇ ವೆಚ್ಚವನ್ನು ಬಿಲ್ಲಿನವರೆಗೆ ಬಿಡಿಸಿದೆ. ಮೂರೂ ಸಾಲುಗಳಿಗೆ ಹೋಗುವ ಬಿಡಿಭಾಗಗಳ ವಿಮಾನದ ಬಾಡಿಗೆಯ ಬಹುಪಾಲು ಆ ಒಂದೇ ಸಾಲಿನ ಲೆಕ್ಕಕ್ಕೆ ಬಿದ್ದಿತ್ತು. ಕಾರಣ ಸರಳ. ಖರೀದಿಯ ಆರ್ಡರ್ ಹೊರಡುತ್ತಿದ್ದದ್ದು ಆ ವಿಭಾಗದಿಂದ, ಬಾಡಿಗೆ ಆರ್ಡರಿನ ಹಿಂದೆಯೇ ಹೋಗಬೇಕೆಂಬುದು ಎಷ್ಟೋ ವರ್ಷಗಳ ಹಿಂದಿನ ನಿಯಮ. ಬಾಡಿಗೆ ಅಲ್ಪವಾಗಿದ್ದ ಕಾಲದಲ್ಲಿ ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಬಳಕೆಯಂತೆ ಹಂಚಿದಾಗ ನಷ್ಟ ಪೂರ್ತಿ ಮಾಯವಾಗಲಿಲ್ಲ, ಆದರೆ ಪಾಳಿ ನಿಲ್ಲಿಸುವಷ್ಟು ಉಳಿಯಲಿಲ್ಲ. ಮೂರು ತಿಂಗಳು ನೋಡೋಣ ಎಂದು ಸಭೆ ಮುಗಿಯಿತು. ರಾತ್ರಿ ಪಾಳಿ ಮುಂದುವರಿಯಿತು.

ವೇಗದ ಸಾಫ್ಟ್‌ವೇರ್‌ನ ಬೆಲೆ ನನ್ನ ಮಟ್ಟಿಗೆ ಇಷ್ಟೇ: ಎಲ್ಲರೂ ಇನ್ನೂ ಮೇಜಿನ ಸುತ್ತ ಕೂತಿರುವಾಗಲೇ ಎರಡನೇ ಪ್ರಶ್ನೆ ಕೇಳಬಹುದು. ಆದರೆ ಒಂದು ಮಾತು ಗಮನಿಸಿ. ಯಂತ್ರ ತಾನಾಗಿ ಕೊಟ್ಟ ಮೊದಲ ಉತ್ತರ ದಾರಿ ತಪ್ಪಿಸುವಂತಿತ್ತು, ಅದೂ ಅಷ್ಟೇ ವೇಗವಾಗಿ ಬಂದಿತ್ತು. ಸರಿದಾರಿಗೆ ತಂದದ್ದು ಅಂಗಳದ ಕೆಲಸ ಬಲ್ಲವರ ಪ್ರಶ್ನೆ.

ವೇಗದಿಂದ ಸರಿಹೋಗದ ಸಂಗತಿಗಳು

ಇನ್ನೊಂದು ಉದಾಹರಣೆ ನಮ್ಮ ನಾಡಿನದೇ. 2014ರ ನವೆಂಬರ್ 1ರಂದು ಕರ್ನಾಟಕದ 12 ಊರುಗಳ ಇಂಗ್ಲಿಷ್ ಹೆಸರುಗಳು ಅಧಿಕೃತವಾಗಿ ಬದಲಾದವು. ಬ್ಯಾಂಗಲೋರ್ ಬೆಂಗಳೂರಾಯಿತು, ಮೈಸೋರ್ ಮೈಸೂರಾಯಿತು. ನಮಗೆ ಸಂತೋಷ. ಆದರೆ ಕಂಪ್ಯೂಟರಿಗೆ ಇವು ನಾಲ್ಕು ಊರುಗಳು! ಪೀಣ್ಯದ ಒಬ್ಬನೇ ಸರಬರಾಜುದಾರನ ಹಳೆಯ ಬಿಲ್ಲುಗಳು ಒಂದು ಊರಿನಡಿ, ಹೊಸವು ಇನ್ನೊಂದರಡಿ. ಹೀಗಿರುವ ಪಟ್ಟಿಯನ್ನು ಎಷ್ಟೇ ವೇಗವಾಗಿ ಕೂಡಿದರೂ ಉತ್ತರ ತಪ್ಪೇ. ನಮ್ಮ ಸಂಘದ ಸದಸ್ಯರ ಪಟ್ಟಿಯಲ್ಲಿ ಶ್ರೀನಿವಾಸ ಎಂಬ ಹೆಸರಿಗೆ ಎಷ್ಟು ಬಗೆಯ ಇಂಗ್ಲಿಷ್ ಕಾಗುಣಿತಗಳಿವೆ ಎಂದು ಖಜಾಂಚಿಯವರನ್ನೇ ಕೇಳಿ.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. ಇಲ್ಲಿನ ಲಿಡ್ಲ್ ಅಂಗಡಿಗಳ ಸಮೂಹ 2011ರಲ್ಲಿ ಶುರು ಮಾಡಿದ ದೊಡ್ಡ ಎಸ್‌ಎಪಿ ಯೋಜನೆಯನ್ನು 2018ರಲ್ಲಿ ಕೈಬಿಟ್ಟಿತು. ಸುಮಾರು 50 ಕೋಟಿ ಯೂರೊ ಖರ್ಚಾಗಿತ್ತು ಎಂದು ಪತ್ರಿಕೆಗಳು ಬರೆದವು. ದಾಸ್ತಾನಿನ ಬೆಲೆಯನ್ನು ಕೊಂಡ ದರದಲ್ಲಿ ಲೆಕ್ಕ ಹಾಕುವುದು ಲಿಡ್ಲ್‌ನ ರೂಢಿ, ಆ ಸಾಫ್ಟ್‌ವೇರ್‌ನ ಸಿದ್ಧ ವಿನ್ಯಾಸ ಮಾರುವ ದರದ್ದು. ಈ ಭೇದವೂ ಒಂದು ಮುಖ್ಯ ಕಾರಣ ಎಂದು ಆಗ ಚರ್ಚೆಯಾಯಿತು. "ಬೆಲೆ" ಎಂದರೆ ಏನು ಎಂಬ ಒಪ್ಪಂದವಿಲ್ಲದೆ ಯಾವ ಯಂತ್ರವೂ ಕೂಡಿ ಕಳೆಯಲಾರದು.

ಹಾಗೆಂದು ಎಕ್ಸೆಲ್ಲೇ ಸಾಕು ಎಂದು ಕೂರುವಂತೆಯೂ ಇಲ್ಲ. 2020ರ ಶರತ್ಕಾಲದಲ್ಲಿ ಇಂಗ್ಲೆಂಡಿನ ಆರೋಗ್ಯ ಇಲಾಖೆಯ ಎಣಿಕೆಯಿಂದ 15,841 ಕೋವಿಡ್ ಪ್ರಕರಣಗಳು ಕೆಲವು ದಿನ ಹೊರಗುಳಿದವು. ಹಳೆಯ ಎಕ್ಸೆಲ್ ಕಡತದಲ್ಲಿ 65,536 ಸಾಲುಗಳಿಗಿಂತ ಹೆಚ್ಚು ಹಿಡಿಸುವುದಿಲ್ಲ, ಮಿಕ್ಕಿದ್ದು ಸದ್ದಿಲ್ಲದೆ ಬಿದ್ದುಹೋಗಿತ್ತು. ಅಷ್ಟೂ ಜನರ ಸಂಪರ್ಕಕ್ಕೆ ಬಂದವರನ್ನು ಹುಡುಕುವುದು ತಡವಾಯಿತು.

ಎಲ್ಲರಿಗೂ ಹಾನಾ ಬೇಕೆಂದೂ ಅಲ್ಲ. ದೊಡ್ಡ ಮೆಮರಿ ದುಬಾರಿ, ಪರವಾನಗಿ ಇನ್ನೂ ದುಬಾರಿ. ಸ್ನೋಫ್ಲೇಕ್, ಗೂಗಲ್‌ನ ಬಿಗ್‌ಕ್ವೆರಿ, ಅಮೆಜಾನ್‌ನ ರೆಡ್‌ಶಿಫ್ಟ್ ಇದೇ ಕಂಬಸಾಲಿನ ತತ್ವವನ್ನು ಬಾಡಿಗೆಗೆ ಕೊಡುತ್ತವೆ. ಮೊನೆಟ್‌ಡಿಬಿ ಹುಟ್ಟಿದ ಆಂಸ್ಟರ್‌ಡಾಂನ ಅದೇ ಸಂಶೋಧನಾಲಯದಿಂದ 2019ರಲ್ಲಿ ಬಂದ ಡಕ್‌ಡಿಬಿ ಉಚಿತ, ಸಾಧಾರಣ ಲ್ಯಾಪ್‌ಟಾಪಿನಲ್ಲೇ ಕೋಟಿಗಟ್ಟಲೆ ಸಾಲುಗಳನ್ನು ಕೂಡಬಲ್ಲದು. ಸಣ್ಣ ಉದ್ಯಮ ನಡೆಸುವ ನಮ್ಮ ಸದಸ್ಯರು ಅಲ್ಲಿಂದ ಶುರು ಮಾಡಬಹುದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಸಾಫ್ಟ್‌ವೇರ್‌ಗೂ ಸಲ್ಲುತ್ತದೆ.

ನಮ್ಮ ಕೆಲಸದ ಗತಿ

ಈಗ ನಮ್ಮ ಮನೆಗಳಿಗೇ ತಟ್ಟುವ ವಿಷಯ. ಎಸ್‌ಎಪಿಯ ಹಳೆಯ ಪೀಳಿಗೆಯ ತಂತ್ರಾಂಶಕ್ಕೆ 2027ರ ಕೊನೆಯವರೆಗೆ ಸಾಮಾನ್ಯ ಬೆಂಬಲ, ಹೆಚ್ಚು ಹಣ ಕೊಟ್ಟವರಿಗೆ 2030ರ ಕೊನೆಯವರೆಗೆ ಎಂದು 2020ರ ಫೆಬ್ರವರಿಯಲ್ಲೇ ಪ್ರಕಟಣೆ ಬಂದಿತ್ತು. ಇಲ್ಲಿನ ಕಂಪನಿಗಳು ಹೊಸದಕ್ಕೆ ದಾಟುವ ಈ ಗಡಿಬಿಡಿಯಲ್ಲಿ ಕೆಲಸಕ್ಕೆ ಕೊರತೆಯಿಲ್ಲ. ಆದರೆ ದಾಟಿದ ಮೇಲೆ? ರಾತ್ರಿಯ ಲೋಡ್ ಕಾಯುವುದು, ಮೊತ್ತದ ಕೋಷ್ಟಕ ತಾಳೆ ನೋಡುವುದು, ಕೇಳಿದ ವರದಿಗೆ ಎರಡು ವಾರ ಕೋಡ್ ಬರೆಯುವುದು, ಈ ಕೆಲಸಗಳು ಕಡಿಮೆಯಾಗುತ್ತಲೇ ಹೋಗುತ್ತವೆ. ನನ್ನ ಕಣ್ಣೆದುರೇ ಕಡಿಮೆಯಾಗಿವೆ. ಅದನ್ನೇ ನಂಬಿ ನಿವಾಸದ ಪರವಾನಗಿ ಪಡೆದವರು ನಮ್ಮ ನಡುವೆ ಇದ್ದಾರೆ ಎಂಬುದು ನನಗೆ ಗೊತ್ತು. ಸುಮ್ಮನೆ ಧೈರ್ಯ ಹೇಳಿ ಪ್ರಯೋಜನವಿಲ್ಲ.

ಉಳಿಯುವ ಕೆಲಸ ಯಾವುದು? ಸಭೆಯಲ್ಲಿ ಆ ಹಿರಿಯರು ಮಾಡಿದ ಕೆಲಸ. ಬಾಡಿಗೆ ಯಾರ ತಲೆಗೆ ಬಿದ್ದಿದೆ ಎಂದು ಕೇಳಬೇಕಾದರೆ ಮಾಲು ಎಲ್ಲಿಂದ ಬರುತ್ತದೆ, ಯಾರು ಆರ್ಡರ್ ಹಾಕುತ್ತಾರೆ, ಯಾವ ನಿಯಮದಲ್ಲಿ ಖರ್ಚು ಬೀಳುತ್ತದೆ ಎಂಬುದು ಗೊತ್ತಿರಬೇಕು. ಈಗಷ್ಟೇ ಓದಲು ಬಂದ ನಮ್ಮ ವಿದ್ಯಾರ್ಥಿಗಳಿಗೂ, ಹತ್ತು ವರ್ಷದಿಂದ ಒಂದೇ ಮಾಡ್ಯೂಲಿನಲ್ಲಿರುವ ಗೆಳೆಯರಿಗೂ ನನ್ನ ಸಲಹೆ ಮೂರು. ಎಸ್‌ಕ್ಯೂಎಲ್ ಚೆನ್ನಾಗಿ ಕಲಿಯಿರಿ, ಡೇಟಾಬೇಸ್‌ಗಳ ಹೆಸರು ಬದಲಾದರೂ ಆ ಭಾಷೆ ಉಳಿದುಕೊಂಡು ಬಂದಿದೆ. ಲೆಕ್ಕಪತ್ರದ ಮೂಲ ಪಾಠ ಓದಿ, ಬ್ಯಾಲೆನ್ಸ್ ಶೀಟ್ ನೋಡಿ ಹೆದರಬೇಡಿ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ವಾರಕ್ಕೊಮ್ಮೆಯಾದರೂ ಕುರ್ಚಿ ಬಿಟ್ಟೆದ್ದು ಕಾರ್ಖಾನೆಯ ಅಂಗಳಕ್ಕೋ ಗೋದಾಮಿಗೋ ಹೋಗಿ, ಹರಕು ಮುರುಕು ಜರ್ಮನ್ನಿನಲ್ಲೇ ಆದರೂ ಅಲ್ಲಿನವರ ಜೊತೆ ಮಾತಾಡಿ. ಪರದೆಯ ಮೇಲಿನ ಅಂಕಿಗಳು ಹುಟ್ಟುವುದು ಅಲ್ಲಿ.

ಈ ದಾಟುವ ಕೆಲಸದಲ್ಲಿ ಈಗಾಗಲೇ ತೊಡಗಿರುವವರು, ಕೆಲಸ ಬದಲಿಸಿ ಬೇರೆ ದಾರಿ ಹಿಡಿದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದೀರಿ. ನಿಮ್ಮ ಅನುಭವವನ್ನು ಸಂಘದ ಪತ್ರಿಕೆಗೆ ಬರೆದು ಕಳಿಸಿ. ಹೊಸಬರಿಗೆ ಅದರಿಂದ ನಿಜಕ್ಕೂ ಉಪಕಾರವಾಗುತ್ತದೆ. ಎಸ್‌ಕ್ಯೂಎಲ್ ಕಲಿಯಲು ಆಸಕ್ತಿ ಇರುವ ನಾಲ್ಕು ಜನ ಸೇರಿದರೆ ಶನಿವಾರ ಮಧ್ಯಾಹ್ನ ಕೂತು ಹೇಳಿಕೊಡಲು ನಾನು ಸಿದ್ಧ. ಕಾಫಿ ನನ್ನದು, ಕೋಡುಬಳೆ ನಿಮ್ಮದು!


ನಿಮ್ಮವನೇ ಒಬ್ಬ ಸದಸ್ಯ